ಸುಣ್ಣ ಬಳಿದವರು

ರತ್ನಾ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಾಗ ಮಗ ಆಶಿಷ್ ಆಕೆಯ ಕೈ ಹಿಡಿದ.

"ಇಲ್ಲಿ ಬೇಡಮ್ಮ, ಪ್ಲೀಸ್. ಮತ್ತೆ ಅದೇ ಜೋಕ್ ಶುರುವಾಗತ್ತೆ."

"ಆಗ್ಲಿ ಬಿಡೋ. ಆ ಸ್ಪೇನ್‌ಗೆ ಹೋಗಿ ಬಂದ್ಮೇಲೆ ನಿಮ್ಮಪ್ಪ ಎಲೆಅಡಿಕೆ ಮುಟ್ಲೇ ಇಲ್ಲ. ಹೋಗೋವಾಗಾದ್ರೂ ಬಾಯಲ್ಲಿ ಒಂದಿರ್ಲಿ."

ಅಮೆರಿಕದ ರಾಲಿ ಊರಿನ ಫ್ಯೂನರಲ್ ಹೋಮಿನಲ್ಲಿ, ತೆರೆದ ಪೆಟ್ಟಿಗೆಯೊಳಗೆ, ಪದ್ಮನಾಭರು ಶಲ್ಯ ಹೊದ್ದು ಮಲಗಿದ್ದರು. ಮೈಸೂರಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಆಮೇಲೆ ಮಗನ ಮನೆಗೆ ಬಂದು, ಮೊಮ್ಮಗಳು ಇಶಾಳನ್ನು ಸ್ಕೂಲ್ ಬಸ್ಸು ಹತ್ತಿಸಿ, ಹಿತ್ತಲಲ್ಲಿ ಮೆಂತ್ಯಸೊಪ್ಪು ಬೆಳೆದು, ಯಾರಿಗೂ ಎದುರಾಡದೆ ಕಾಲ ಕಳೆದವರು. ಗೋಡೆಯ ಪರದೆಯ ಮೇಲೆ ಅವರ ಚಿತ್ರಗಳು ಒಂದೊಂದಾಗಿ ಬರುತ್ತಿದ್ದವು. ಇಶಾ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು.

ಆಶಿಷನ ಗೆಳೆಯ ವೇಣುಗೋಪಾಲ ಮೈಕ್ ಹಿಡಿದ.

"ಅಂಕಲ್ ನೆನಪಾದ್ರೆ ಅಳು ಬರಲ್ಲ, ನಗು ಬರತ್ತೆ. ನಾವೆಲ್ಲ ಸ್ಪೇನ್‌ಗೆ ಹೋಗಿ ಬರೀ ಫೋಟೋ ತೆಗ್ದ್ವಿ. ಅಂಕಲ್ ಮಾತ್ರ ಸೈನ್ ಮಾಡಿ ಬಂದ್ರು, ಬಿಳಿ ಗೋಡೆ ಮೇಲೆ, ಕೆಂಪಗೆ!"

ಸಭೆ ನಕ್ಕಿತು. ಪ್ರತಿ ಪಾಟ್‌ಲಕ್ ಊಟದಲ್ಲಿ, ಪ್ರತಿ ಯುಗಾದಿಯಲ್ಲಿ ಕೇಳಿದ ಕತೆಯೇ. ನಗುವವರಿಗೆ ಸಾಕ್ಷ್ಯ ಬೇಕಿರಲಿಲ್ಲ.

"ಉಗುಳೋಕೆ ಅಂತ ಮುಚ್ಚಳದ ಡಬ್ಬಿ ಜೇಬಲ್ಲಿಟ್ಕೊಂಡು ಓಡಾಡಿದ ಮನುಷ್ಯ," ಎಂದರು ರತ್ನಾ, ತಮ್ಮಷ್ಟಕ್ಕೆ. "ಮೈಸೂರಲ್ಲೇ ರಸ್ತೆಗೆ ಉಗುಳ್ದೋರಲ್ಲ."

ಆಶಿಷ್ ಕೇಳಿಸದವನಂತೆ ನಿಂತ. ಮುಂದೆ ಮಾತನಾಡಬೇಕಾದವನು ಅವನೇ.

*

ಸ್ಪೇನಿನಲ್ಲಿ, ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಊರು ಅದು. ಮನೆಗಳೆಲ್ಲ ಸುಣ್ಣದ ಬಿಳುಪು, ನೀಲಿ ಬಾಗಿಲು, ದೂರ ಕೆಳಗೆ ಕಡಲು. ಮೆಟ್ಟಿಲುಗಳ ಓಣಿಯ ಕೆಫೆಯೊಂದರಲ್ಲಿ ತಂದೆ ಮಗ ಇಬ್ಬರೇ ಕುಳಿತಿದ್ದರು. ಉಳಿದವರು ಕೆಳಗಿನ ಅಂಗಡಿಗಳಿಗೆ ಹೋಗಿದ್ದರು.

"ಸಾಕು ಕಣೋ. ಮಧ್ಯಾಹ್ನವೇ ಎಷ್ಟು ಕುಡೀತೀಯ? ಮಗು ಬರೋ ಹೊತ್ತಾಯ್ತು."

ಆಶಿಷ್ ಧಡಕ್ಕನೆ ಎದ್ದು, ಲೋಟದಲ್ಲಿದ್ದ ಕೆಂಪು ವೈನನ್ನು ಎದುರು ಗೋಡೆಗೆ ಎರಚಿದ. "ಸಾಕಾ ಈಗ?"

ನೀಲಿ ಬಾಗಿಲು ತೆರೆದು ಮನೆಯೊಡತಿ ಹೊರಬಂದಳು, ಮುದುಕಿ. ಗೋಡೆಯನ್ನು ನೋಡಿದಳು. ಪದ್ಮನಾಭರ ಕೆಂಪು ತುಟಿಗಳನ್ನು ನೋಡಿದಳು. ಅರ್ಥವಾಗದ ಭಾಷೆಯಲ್ಲಿ ಅವರತ್ತ ಬೆರಳು ಚಾಚಿ ಕೂಗತೊಡಗಿದಳು.

ಪದ್ಮನಾಭರು ಮಗನ ಮುಖ ನೋಡಿದರು. ಮಗ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ಕಡಲಿನತ್ತ ತಿರುಗಿದ. ತಂದೆ ಕೈಮುಗಿದು, "ತಪ್ಪಾಯ್ತು ತಾಯಿ," ಎಂದರು, ಕನ್ನಡದಲ್ಲೇ. ಅವಳು ಒಳಗೆ ಹೋಗಿ ಸುಣ್ಣದ ಬಕೆಟ್ಟು, ಕುಂಚ ತಂದು ಅವರೆದುರಿಗಿಟ್ಟಳು.

ವೇಣುಗೋಪಾಲ ಮೆಟ್ಟಿಲು ಹತ್ತಿ ಬಂದಾಗ ಅವರು ಬಳಿಯುತ್ತಿದ್ದರು.

"ಏನೋ ಇದು? ಏನಾಯ್ತು?"

ನಿಜ ಹೇಳಲು ಆಶಿಷನಿಗೆ ಆಗಲೂ ಅವಕಾಶವಿತ್ತು.

"ಅಪ್ಪ ಎಲೆಅಡಿಕೆ ಉಗುಳ್ಬಿಟ್ರು ಕಣೋ," ಎಂದ.

ಪದ್ಮನಾಭರ ಕೈ ಕ್ಷಣಕಾಲ ನಿಂತಿತು. ಮರುಕ್ಷಣ ಕುಂಚವನ್ನು ಮತ್ತೆ ಬಕೆಟ್ಟಿಗೆ ಅದ್ದಿದರು.

*

"ಇಶಾ, ಆ ಫೋಟೋ ಹಾಕಮ್ಮ. ನಾನೇ ತೆಗ್ದಿದ್ದು," ಎಂದ ವೇಣುಗೋಪಾಲ.

ಪರದೆಯ ತುಂಬ ಬಿಳಿ ಗೋಡೆ ಬಂತು. ಇಷ್ಟು ದೊಡ್ಡದಾಗಿ ಅದನ್ನು ಯಾರೂ ನೋಡಿರಲಿಲ್ಲ. ಜನ ಮತ್ತೊಮ್ಮೆ ನಕ್ಕರು. ಇಶಾ ನಗಲಿಲ್ಲ, ಚಿತ್ರವನ್ನು ಮುಂದಕ್ಕೆ ಹೋಗಗೊಡದೆ ನಿಲ್ಲಿಸಿದಳು.

"ಡ್ಯಾಡಿ, ವೆಯ್ಟ್. ಅಜ್ಜ ಯಾಕೆ ಮೇಲೆ ರೀಚ್ ಮಾಡ್ತಿದ್ದಾರೆ? ಉಗುಳಿದ್ರೆ ಕೆಳಗೆ ತಾನೆ ಬೀಳತ್ತೆ?"

ನಗು ಹಿಂದಿನ ಸಾಲುಗಳಿಂದ ಒಂದೊಂದಾಗಿ ಅಡಗಿತು. ವೇಣುಗೋಪಾಲ ಪರದೆ ನೋಡಿದ, ಗೆಳೆಯನನ್ನು ನೋಡಿದ. ಮೈಕನ್ನು ಅವನತ್ತ ಚಾಚಿದ.

ಆಶಿಷ್ ಮೈಕ್ ತೆಗೆದುಕೊಂಡ. ಅವನ ಉಸಿರು ಮಾತ್ರ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ರತ್ನಾ ಅವನಿಗಾಗಿ ಕಾಯಲಿಲ್ಲ. ಎಲೆಯನ್ನು ಮಡಿಸಿ, ಗಂಡನ ತುಟಿಗಳ ನಡುವೆ ಮೆಲ್ಲನೆ ಇಟ್ಟರು.

ಪರದೆಯ ಮೇಲೆ ಪದ್ಮನಾಭರು ತುದಿಗಾಲಲ್ಲಿ ನಿಂತೇ ಇದ್ದರು. ತಲೆಯ ಮೇಲೆ ಚಾಚಿದ ಕುಂಚಕ್ಕೂ ಆ ಕೆಂಪು ಕಲೆಗೂ ನಡುವೆ ಇನ್ನೂ ಒಂದು ಗೇಣು ಉಳಿದಿತ್ತು.