ಲಕ್ಷ ಬತ್ತಿಯ ಹತ್ತಿ

“ಏನ್ ತುರುಕೊಂಡಿ ಬೇ ಎದಿಯಾಗ? ಬಿಚ್ಚ ಕುಪ್ಪಸ, ಕಳ್ಳ ರಂಡಿ.”

ಗೌಡನ ಆಳು ಶಿದ್ಲಿಂಗಪ್ಪ ಹೀಗೆ ಒದರಿದಾಗ ನಾವು ಹನ್ನೆರಡು ಮಂದಿ ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತಿದ್ದೆವು. ತಿರ್ಲಾಪುರದ ಈರಬಸಪ್ಪಗೌಡನ ಹೊಲದಲ್ಲಿ ಹತ್ತಿ ಬಿಡಿಸಿದವರು ಸಂಜೆ ಮನೆಗೆ ಹೋಗುವ ಮೊದಲು ಉಡಿ ಕೊಡವಿ ತೋರಿಸಬೇಕು. ಅದು ಹಳೆಯ ಪದ್ಧತಿ. ಈ ವರ್ಷ ಉಡಿ ಸಾಲದೆ ಮೈಯನ್ನೂ ನೋಡತೊಡಗಿದ್ದರು. ಬೇವಿನ ಮರದ ಕೆಳಗೆ ಬಿಳಿ ಧೋತರ ಹಾಸಿ, ಮೊದಲು ಬಿಡಿಸಿದ ಹತ್ತಿಯನ್ನು ಬೇರೆ ಗುಡ್ಡೆ ಹಾಕಿದ್ದರು. ಗೌಡತಿ ಕಸ್ತೂರೆವ್ವ ಸಾವಿನ ಬಾಯಿಂದ ತಿರುಗಿ ಬಂದದ್ದಕ್ಕೆ ದೇವರಿಗೆ ಲಕ್ಷ ಬತ್ತಿ ಹಚ್ಚುವ ಹರಕೆಯಿತ್ತು. ಬತ್ತಿಗೆ ಆ ಹತ್ತಿಯೇ ಆಗಬೇಕು. ನಾವು ಬಿಡಿಸಿದ ಹತ್ತಿಗೆ ಗುಡಿಯೊಳಗೆ ಜಾಗವಿತ್ತು, ನಮಗಿರಲಿಲ್ಲ.

ನನ್ನ ನೆಗೆಣ್ಣಿ ದುರಗವ್ವ ಕುಪ್ಪಸದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಒಳಗೆ ಏನಿದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಹಿಂದಿನ ವರ್ಷ ಕಸ್ತೂರೆವ್ವನ ಎಡ ಮೊಲೆಯಲ್ಲಿ ಕಡಲೆಯಷ್ಟು ಗಂಟು ಕಾಣಿಸಿತು. ಗೌಡ ಎಂಟು ದಿನವೂ ತಡಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಿ ಮಿರಜಿನ ದೊಡ್ಡ ದವಾಖಾನೆಗೆ ಒಯ್ದ. ಅಲ್ಲಿ ಮೊಲೆ ತೆಗೆದರು, ಉಳಿದ ಬೇರು ಸುಡಲು ಕರೆಂಟು ಕೊಟ್ಟರು, ಜೀವ ಉಳಿಯಿತು. ಊರಿಗೆ ಬಂದ ಮೇಲೆ ಗಾಯದ ಪಟ್ಟಿಗಳನ್ನು ಒಗೆಯಲು ಅಗಸರು ಒಲ್ಲೆಂದರು. ದುರಗವ್ವನ ಗಂಡ ಹುಲಿಗೆಪ್ಪ ಗೌಡನ ಜೀತದಾಳು. ಆ ಕೆಲಸ ಅವಳ ಕೊರಳಿಗೆ ಬಿತ್ತು. ನಲವತ್ತು ದಿನ ಹಳ್ಳದಲ್ಲಿ ಕುಳಿತು ಗೌಡತಿಯ ಕೀವು ನೆತ್ತರು ಒಗೆದಳು. ಆ ದಿನಗಳಲ್ಲೇ ತನ್ನ ಎದೆಯ ಗಂಟು ಅವಳ ಕೈಗೆ ಸಿಕ್ಕಿತು. ಗೌಡತಿ ತನ್ನದರ ಬಗ್ಗೆ ಹೇಳಿದ್ದೆಲ್ಲ ಇದಕ್ಕೂ ಹೊಂದುತ್ತಿತ್ತು. ಕಲ್ಲಿನಂತೆ ಗಟ್ಟಿ, ನೋವಿಲ್ಲ.

ದುರಗವ್ವ ಮುಚ್ಚಿಡಲಿಲ್ಲ. ಅಂದೇ ಗೌಡನ ಹಿತ್ತಲ ಬಾಗಿಲಿಗೆ ಹೋಗಿ, ನನ್ನನ್ನೂ ಮಿರಜಿಗೆ ಕಳಿಸಿರಿ, ಸಾಯುವ ತನಕ ಗಂಡ ಹೆಂಡತಿ ನಿಮ್ಮಲ್ಲೇ ದುಡಿಯುತ್ತೇವೆ ಎಂದು ಕೈ ಮುಗಿದಳು. ಗೌಡ ಎಲೆ ಅಡಿಕೆ ಜಗಿಯುತ್ತ ನಕ್ಕ.

“ಅದು ದೊಡ್ಡ ಮನಿತನಕ್ಕ ಬರೂ ಬ್ಯಾನಿ ಬೇ. ನಿಮ್ಮಂಥಾವ್ರಿಗೆ ಬರೂದು ಕುರು. ಹೋಗಿ ಬೇವಿನ ತಪ್ಪಲಾ ಕಟ್ಟು.”

ಕಸ್ತೂರೆವ್ವ ಬಾಗಿಲ ಹಿಂದೆಯೇ ನಿಂತಿದ್ದಳು. ಒಳಗೆ ಹೋದಳು.

ಪೇಟೆಯ ದವಾಖಾನೆಯ ಡಾಕ್ಟರ್ ಅವಳನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿದ. ಮುಟ್ಟಲಿಲ್ಲ, ನೋಡಲಿಲ್ಲ. ಹಾಲು ಕಟ್ಟಿದೆ ಎಂದು ಮುಲಾಮಿನ ಡಬ್ಬಿ ಒಗೆದ. ಅವಳ ಕೊನೆಯ ಕೂಸು ಮೊಲೆ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅದೇ ವರ್ಷ, ಎಪ್ಪತ್ತಾರರ ಎಮರ್ಜೆನ್ಸಿಯಲ್ಲಿ, ನಮ್ಮ ಕೇರಿಗೆ ಸರಕಾರಿ ಜೀಪು ಎರಡು ಸಲ ಬಂತು, ಎರಡೂ ಸಲ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಮಾಡುವ ನಸಬಂದಿಗೆ ಒಯ್ಯಲು. ಹುಲಿಗೆಪ್ಪ ಜೀಪು ಹತ್ತುವಾಗ, ನನ್ನನ್ನು ಬಿಟ್ಟು ನನ್ನ ಹೆಂಡತಿಗೆ ಆಪರೇಶನ್ ಮಾಡಿರಿ ಎಂದು ಬೇಡಿಕೊಂಡ. ಅವರಿಗೆ ನಗು ತಡೆಯಲಿಲ್ಲ.

ಗಂಟು ಒಡೆದು ಹುಣ್ಣಾಯಿತು. ನಾತಕ್ಕೆ ಅವಳ ಬಾಜು ಸಾಲು ಹಿಡಿಯಲು ನಾವೇ ಹಿಂದೆಮುಂದೆ ನೋಡುತ್ತಿದ್ದೆವು. ನಾನೂ ನೋಡಿದೆ, ಹೇಳಲು ನಾಚಿಕೆಯಾಗುತ್ತದೆ. ಹರಿದು ಕಟ್ಟಲು ಮನೆಯಲ್ಲಿ ಅರಿವೆ ಉಳಿದಿರಲಿಲ್ಲ. ಅವತ್ತು ಗಿಡದಿಂದ ಒಂದು ಹಿಡಿ ಹತ್ತಿ ಕಿತ್ತು ಹುಣ್ಣಿಗೆ ಒತ್ತಿಕೊಂಡಿದ್ದಳು.

ಅಷ್ಟರಲ್ಲಿ ಹರಕೆಯ ಹತ್ತಿ ಒಯ್ಯಲು ಗೌಡ, ಗೌಡತಿ ಚಕ್ಕಡಿಯಲ್ಲಿ ಬಂದಿಳಿದರು. ಶಿದ್ಲಿಂಗಪ್ಪ ಓಡಿಹೋಗಿ ಕಳ್ಳಿಯನ್ನು ಹಿಡಿದೆನೆಂದು ಹೇಳಿದ. ಗೌಡ ಬಾರುಕೋಲು ಹಿಡಿದೇ ಬಂದ.

“ದೇವರ ಹತ್ತಿ ಕದಿಯೂವಷ್ಟು ಸೊಕ್ಕ ಬಂತೇನ್, ಬೋಸೂಡಿ? ನೀ ಬಿಚ್ತೀ, ಏನ್ ನಾ ಬಿಚ್ಚಸ್ಲಿ?”

ದುರಗವ್ವ ಗಂಟು ಬಿಚ್ಚಿದಳು. ಹತ್ತಿ ಹುಣ್ಣಿಗೆ ಅಂಟಿತ್ತು. ಎಳೆದಾಗ ಮಾಂಸವೂ ಬಂತು. ಶಿದ್ಲಿಂಗಪ್ಪ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಕಸ್ತೂರೆವ್ವನ ಕೈ ಸೆರಗಿನಡಿ ತನ್ನ ಚಪ್ಪಟೆ ಎದೆಗೆ ಹೋಯಿತು.

ದುರಗವ್ವ ನೇರ ಬೇವಿನ ಮರದ ಕೆಳಗೆ ನಡೆದಳು. ಕೈಯಲ್ಲಿದ್ದ ಕೆಂಪು ಉಂಡೆಯನ್ನು ಬಿಳಿ ಗುಡ್ಡೆಯ ನಡುವೆ ಒತ್ತಿ ಇಟ್ಟಳು.

“ಕದ್ದದ್ದು ತಿರುಗಿ ಕೊಟ್ಟೇನ್ರಿ, ಗೌಡ್ರ,” ಎಂದಳು. ಆಮೇಲೆ ಗೌಡತಿಯ ಕಡೆ ತಿರುಗಿದಳು. “ಯವ್ವಾ, ನಿಮ್ಮ ಪಟ್ಟಿ ನಾ ಒಗದೇನ್ರಿ. ಇದರದೂ ಒಂದ್ ಬತ್ತಿ ಹೊಸೀರಿ.”

ಗೌಡ ಅದನ್ನು ತೆಗೆಯೆಂದು ಶಿದ್ಲಿಂಗಪ್ಪನಿಗೆ ಒದರಿದ. ಅವನು ಮುಟ್ಟಲಿಲ್ಲ. ಗೌಡ ನಮಗೆ ತೆಗೆಯಿರೆಂದು ಒದರಿದ. ಬಾರುಕೋಲು ಬೀಸಿದ, ಮೊದಲ ಏಟು ನನಗೇ ಬಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬಳೂ ಬಗ್ಗಲಿಲ್ಲ. ಬೇವಿನ ಮರದ ಕೆಳಗೆ ದೇವರ ಹತ್ತಿ ಆ ರಕ್ತವನ್ನು ಹೀರಿಕೊಳ್ಳುತ್ತಲೇ ಇತ್ತು.