ಹಕ್ಕಿ ನೋಡುವ ಸಭಾ ಕಾರ್ಯಕ್ರಮ

ಗುಣವತಿ ಮೈದುನನ ಹತ್ತಿರ ಕೇಳಿಕೊಂಡದ್ದು ಒಂದೇ ಉಪಕಾರ. ಭಾನುವಾರ ಬೆಳಕು ಹರಿಯುವಾಗ ಸಾಹೇಬರನ್ನು ಮದಗದ ದಂಡೆಗೆ ಕರೆದುಕೊಂಡು ಬಾ, ಸದ್ದಿಲ್ಲದೆ ಬಾ, ಬೇರೆ ಯಾರೂ ಬೇಡ. ಭೋಜ "ಅದೆಲ್ಲ ನನಗೆ ಬಿಡಿ ಅತ್ತಿಗೆ" ಎಂದಿದ್ದ.

ಕಾಪು ಪೇಟೆಯಿಂದ ಒಳಗೆ, ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳ ನಡುವಿನ ಹಳೆಯ ಕೆರೆಗೆ ಊರವರು ಮದಗ ಎನ್ನುತ್ತಾರೆ. ಅರ್ಧ ಜೊಂಡು, ಅರ್ಧ ತಾವರೆ ಎಲೆ. ಮಣಿಪಾಲದ ಲ್ಯಾಬಿನಲ್ಲಿ ವಾರವಿಡೀ ದುಡಿಯುವ ಗುಣವತಿ ಭಾನುವಾರವಾದರೆ ದೂರದರ್ಶಕ ಹೆಗಲಿಗೇರಿಸಿ ಇಲ್ಲಿಗೇ ಬರುವುದು. ಚಳಿಗಾಲದಲ್ಲಿ ನೀರು ಕಾಣದ ಹಾಗೆ ಸಿಳ್ಳೆ ಬಾತುಗಳು ತುಂಬಿರುತ್ತವೆ, ದೇವನಕ್ಕಿಗಳು ಎಲೆಯ ಮೇಲೆ ಓಡಾಡುತ್ತವೆ. ಈಗ ಈ ಮದಗವನ್ನು ಚಂದ ಮಾಡುವ ಯೋಜನೆಯೊಂದು ಬಂದಿತ್ತು. ಜೊಂಡು ಕಿತ್ತು, ಸುತ್ತ ಕಲ್ಲು ಕಟ್ಟಿ, ಪೆಡಲ್ ಬೋಟ್ ಬಿಡುವುದಂತೆ. ಒಪ್ಪಿಗೆ ಕೊಡಬೇಕಾದ ಸಾಹೇಬರು ಒಮ್ಮೆ ಕಣ್ಣಾರೆ ಹಕ್ಕಿ ನೋಡಿದರೆ ಮನಸ್ಸು ಬದಲಾಯಿಸಿಯಾರು ಎಂದು ಗುಣವತಿಯ ಆಸೆ. ಮನವಿ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು, ಉಳಿದಿದ್ದ ದಾರಿ ಇದೊಂದೇ.

ಆದರೆ ಭೋಜ ಯುವಕ ಮಂಡಲದ ಅಧ್ಯಕ್ಷ. ನೀರು ಹರಿಯುವ ತೋಡು ದಾಟಲು ಒಂದು ಕಾಲುಸಂಕ ಹಾಕಿದರೂ ವೇದಿಕೆ ಕಟ್ಟಿ ಉದ್ಘಾಟನೆ ಮಾಡಿಸುವ ಜನ. ಭಾನುವಾರ ಗುಣವತಿ ದಂಡೆ ಹತ್ತಿ ನೋಡುತ್ತಾಳೆ, ಶಾಮಿಯಾನ! ಕೆಂಪು ಕುರ್ಚಿಗಳು, ತೆಂಗಿನ ಮರಕ್ಕೆ ಕಟ್ಟಿದ ಮೈಕ್ ಹಾರ್ನು, ಒಲೆಯ ಮೇಲೆ ಗೋಳಿಬಜೆಯ ಎಣ್ಣೆ. ನೀರಿಗೆ ಬೆನ್ನು ಹಾಕಿ ವೇದಿಕೆ. ಅದರ ಹಿಂದೆ ಮದಗವನ್ನೇ ಮುಚ್ಚುವಷ್ಟು ದೊಡ್ಡ ಫ್ಲೆಕ್ಸು. ಅದರಲ್ಲಿ ಒಂದು ನವಿಲು, ಎರಡು ಗಿಳಿ, ಅವುಗಳಿಗಿಂತ ದೊಡ್ಡದಾಗಿ ಭೋಜ.

ಗುಣವತಿ ನೇರ ಭೋಜನ ಎದುರು ಹೋಗಿ ನಿಂತಳು.

"ಎಂತ ಭೋಜ ಇದು? ಸದ್ದು ಮಾಡಬೇಡ ಅಂತ ಹೇಳಿದ್ದೆ ಅಲ್ವಾ?"

"ಅಷ್ಟು ದೊಡ್ಡ ಮನುಷ್ಯರನ್ನು ಕರೆಸಿ ಸುಮ್ಮನೆ ಕೆಸರಲ್ಲಿ ನಿಲ್ಲಿಸುವುದಾ ಅತ್ತಿಗೆ? ಮರ್ಯಾದೆ ಬೇಡವಾ?" ಭೋಜ ನಿಜಕ್ಕೂ ನೊಂದುಕೊಂಡ. "ವಂದನಾರ್ಪಣೆ ನಿಮ್ಮದೇ. ಹೆಸರು ಹಾಕಿಸಿದ್ದೇನೆ."

ಅವಳು ಇನ್ನೇನೋ ಹೇಳಬೇಕು ಎನ್ನುವಷ್ಟರಲ್ಲಿ ಸಾಹೇಬರ ಕಾರು ತಿರುವಿನಲ್ಲಿ ಕಂಡಿತು, ಶಾಮಿಯಾನದ ಬದಿಯಲ್ಲಿ ಚೆಂಡೆಯವರು ಕೋಲೆತ್ತಿದರು. ಬಾತುಗಳು ಆಗ ಇನ್ನೂ ನೀರಿನಲ್ಲೇ ಇದ್ದವು. "ಚೆಂಡೆ ಬೇಡ, ಭೋಜ, ನಿನ್ನ ದಮ್ಮಯ್ಯ" ಎಂದು ಗುಣವತಿ ಓಡಿದಳು. ಕಾರ್ಕಳದಿಂದ ಬಂದ ಚೆಂಡೆಯವರಿಗೆ ಅದು ಕೇಳಲಿಲ್ಲ. ಮೊದಲ ಪೆಟ್ಟಿಗೇ ಮದಗ ಸಿಡಿದೆದ್ದಿತು. ಬಾತುಗಳು ಹಿಂಡು ಹಿಂಡಾಗಿ ಎದ್ದು ಒಂದು ಸುತ್ತು ಹಾಕಿ ಬೈಲಿನಾಚೆ ಹೋದವು. ಸಾಹೇಬರು ಆಗ ಅಡಿಕೆ ಹಾಳೆಯ ಮುಟ್ಟಾಳೆ ಇಡಿಸಿಕೊಳ್ಳಲು ತಲೆ ಬಗ್ಗಿಸಿದ್ದರು.

ಪ್ರಾರ್ಥನೆ, ಸ್ವಾಗತ, ಹೂಗುಚ್ಛ ಎಲ್ಲ ಆಯಿತು. ನಿರೂಪಣೆಯ ನವ್ಯಶ್ರೀ ಟೀಚರು ಉದ್ಘಾಟನೆಗೆ ಕರೆದಾಗ ಗುಣವತಿ ಓಡುವಾಗ ಕೆಳಗಿಟ್ಟಿದ್ದ ದೂರದರ್ಶಕಕ್ಕೆ ಮಂಡಲದ ಹುಡುಗರು ಕೆಂಪು ರಿಬ್ಬನ್ ಕಟ್ಟಿ, ಫ್ಲೆಕ್ಸಿನ ಬದಿಯಲ್ಲಿ ನೀರಿನ ಕಡೆಗೆ ತಂದಿಟ್ಟರು. ಅವಳ ಸಂಬಳದ ದುಡ್ಡಿನಲ್ಲಿ ತಂದ, ಯಾರಿಗೂ ಮುಟ್ಟಲು ಕೊಡದ ವಸ್ತು ಅದು. ಸಾಹೇಬರು ರಿಬ್ಬನ್ ಕತ್ತರಿಸಿ, ಫೋಟೋದವರು ಸಾಕು ಎನ್ನುವವರೆಗೆ ಅದರಲ್ಲಿ ಕಣ್ಣಿಟ್ಟರು.

"ನೀರು ಕಾಣುತ್ತದೆ" ಎಂದರು.

ಆಮೇಲೆ ಸಾಹೇಬರ ಭಾಷಣ. ಹಕ್ಕಿಗಳ ಬಗ್ಗೆ ಬಹಳ ಕೇಳಿದ್ದೆ, ಬಂದು ನೋಡಿದರೆ ಒಂದೂ ಇಲ್ಲ, ಬೇಸರವಾಯಿತು. ಆದರೆ ಚಿಂತೆ ಬೇಡ, ಯೋಜನೆಯಲ್ಲಿ ಬೋಟಿನ ಜೊತೆಗೆ ಸಿಮೆಂಟಿನ ಹಕ್ಕಿಗಳನ್ನೂ ಸೇರಿಸಲು ಹೇಳುತ್ತೇನೆ, ವರ್ಷವಿಡೀ ನೋಡಬಹುದು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಭೋಜ.

ವಂದನಾರ್ಪಣೆಗೆ ಹೆಸರು ಕರೆದದ್ದೇ ತಡ, ಗುಣವತಿ ಹೋಗಿ ಮೈಕನ್ನು ಕಿತ್ತುಕೊಂಡಳು.

"ಯಾರಿಗೆ ಧನ್ಯವಾದ ಹೇಳುವುದು ನಾನು?" ಅವಳು ಸಾಹೇಬರ ಕಡೆ ತಿರುಗಿದಳು. "ಚೆಂಡೆಯವರಿಗಾ? ಮೈಕಿನವರಿಗಾ? ಹಕ್ಕಿ ಇಲ್ಲವಂತೆ! ನೀವು ಬರುವವರೆಗೆ ಇಲ್ಲಿ ಮದಗ ತುಂಬ ಹಕ್ಕಿ ಇತ್ತು ಸಾಹೇಬರೇ. ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಮನೆ ಬಾಗಿಲಲ್ಲಿ ಹೀಗೆ ಚೆಂಡೆ ಬಡಿದರೆ ನೀವು ಒಳಗೆ ಕೂರುತ್ತೀರಾ? ಓಡಿಸಿದ್ದು ನೀವು! ನೀವೆಲ್ಲ ಸೇರಿ ಓಡಿಸಿದ್ದು!"

ಭೋಜ "ಅತ್ತಿಗೆ, ಅತ್ತಿಗೆ" ಎನ್ನುತ್ತ ಮೈಕಿಗೆ ಕೈ ಹಾಕಿದ. ಅವಳು ಕೊಡಲಿಲ್ಲ. ಇಷ್ಟು ವರ್ಷ ಈ ದಂಡೆಯಲ್ಲಿ ಪಿಸುಗುಟ್ಟಿಯೂ ಮಾತಾಡದವಳು ಗಂಟಲು ಹರಿಯುವ ಹಾಗೆ ಕಿರುಚಿದಳು. "ಮುಟ್ಟಬೇಡ!"

ಹಾರ್ನಿನಿಂದ ಆ ಮಾತು ಬೈಲಿಗೆಲ್ಲ ಬಡಿಯಿತು. ಜೊಂಡು ಅಲುಗಿತು. ಅಷ್ಟು ಹೊತ್ತೂ ಚೆಂಡೆಗೆ, ಚಪ್ಪಾಳೆಗೆ ಉಸಿರು ಬಿಗಿಹಿಡಿದು ಅಡಗಿದ್ದ ಉದ್ದ ಕತ್ತಿನ ದೊಡ್ಡದೊಂದು ಬಕ ಕರ್ಕಶವಾಗಿ ಕೂಗುತ್ತ ಮೇಲೆದ್ದು, ಶಾಮಿಯಾನದ ಅಂಚಿನಲ್ಲೇ ಹಾದು, ಹೆದ್ದಾರಿಯ ಕಡೆಗೆ ಹೋಯಿತು. ಸಭೆಯೆಲ್ಲ ಕತ್ತೆತ್ತಿ ನೋಡಿತು.

ಸಾಹೇಬರು ಅದು ಮರೆಯಾಗುವವರೆಗೂ ನೋಡಿ, ಅವಳ ಕಡೆ ತಿರುಗಿದರು.

"ಒಂದು ಇತ್ತಲ್ಲ ಮೇಡಂ," ಎಂದರು. "ಅದನ್ನು ಓಡಿಸಿದ್ದು ನೀವೇ."

ಕುರ್ಚಿಗಳಲ್ಲಿ ನಗು ಎದ್ದಿತು. ಗುಣವತಿಯ ಕೈಯಲ್ಲಿದ್ದ ಮೈಕ್ ಇನ್ನೂ ಆಫ್ ಆಗಿರಲಿಲ್ಲ. ಅವಳ ಏದುಸಿರು ತೆಂಗಿನ ಮರದ ಮೇಲಿನಿಂದ ಊರಿಗೆಲ್ಲ ಕೇಳಿಸುತ್ತಿತ್ತು.