ಡ್ರಿಲ್ ಮೇಷ್ಟ್ರ ಅಂಗಳ

ಪಾಕ್ ಪರ್ತೊಮೊ ಅವರು ಎಂಟಕ್ಕಿಂತ ಮುಂದೆ ಎಣಿಸುತ್ತಿರಲಿಲ್ಲ. ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ಮೂವತ್ತಮೂರು ವರ್ಷ ಜಾವಾದ ಬಂತುಲ್ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಕೈಕಾಲುಗಳನ್ನು ಈ ಲೆಕ್ಕಕ್ಕೆ ಎತ್ತಿಸಿ ಇಳಿಸಿ, ನಿವೃತ್ತರಾಗುವ ವೇಳೆಗೆ ಆ ಲೆಕ್ಕ ಅವರ ಉಸಿರಿನಲ್ಲೇ ಸೇರಿಹೋಗಿತ್ತು. ನಡೆಯುವಾಗ ತುಟಿ ಅಲುಗುತ್ತಿತ್ತು. ಅಂಗಡಿಯೆದುರು ಸೋಯಾಕಾಳಿನ ತೆಂಪೆ ಕೊಳ್ಳಲು ನಿಂತಾಗಲೂ ಅಲುಗುತ್ತಿತ್ತು. ಒಮ್ಮೆ ಸಾವಿನ ಮನೆಯೊಂದರಲ್ಲಿ ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ, ನನ್ನ ಪಕ್ಕದಲ್ಲಿದ್ದ ಅವರು ಹಿಮ್ಮಡಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತ "ಆರು, ಏಳು, ಎಂಟು" ಎಂದು ಮುಗಿಸಿದ್ದು ಕಿವಿಗೆ ಬಿದ್ದು, ನಾನು ನಗು ತಡೆಯಲಾರದೆ ಕೆಮ್ಮಿದೆ. ಅವರು ನನ್ನತ್ತ ಬಾಗಿ, "ಎದೆ ಎತ್ತಿ ಕೂತ್ಕೊಳ್ಳಿ, ಕೆಮ್ಮು ಬರಲ್ಲ," ಎಂದು ಪಿಸುಗುಟ್ಟಿದರು.

ಕುಳ್ಳನೆಯ, ಗಟ್ಟಿಮುಟ್ಟಾದ ಮನುಷ್ಯ. ಹಿರಿಯ ಗಂಡಸರನ್ನು 'ಪಾಕ್', ಹೆಂಗಸರನ್ನು 'ಬು' ಎಂದು ಗೌರವದಿಂದ ಕರೆಯುವ ನಮ್ಮೂರಿಗೆ ಅವರು 'ಪಾಕ್ ಗುರು', ಅಂದರೆ ಮೇಷ್ಟ್ರು. ಯಾವುದೋ ಕಾಲದ ಜಿಲ್ಲಾ ಕ್ರೀಡಾಕೂಟದಲ್ಲಿ ಸಿಕ್ಕ ಕಡುನೀಲಿ ಜಾಕೆಟ್ಟಿನ ಜಿಪ್ಪನ್ನು, ನೆತ್ತಿ ಸುಡುವ ಬಿಸಿಲಿನಲ್ಲೂ ಗದ್ದದವರೆಗೆ ಎಳೆದುಕೊಂಡೇ ಓಡಾಡುತ್ತಿದ್ದರು. ಹಿಮ್ಮಡಿ ಮೊದಲು, ಬೆರಳು ಆಮೇಲೆ, ತೋಳು ಸೊಂಟದ ಮಟ್ಟಕ್ಕೆ: ಅವರ ನಡಿಗೆಯಲ್ಲಿ ಆಕಸ್ಮಿಕವಾದದ್ದು ಏನೂ ಇರಲಿಲ್ಲ. ಅವರು ಬರುವುದನ್ನು ಕಂಡರೆ ಗಲ್ಲಿಯ ನಡುವಯಸ್ಸಿನವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಏಕೆಂದರೆ ಆ ಜನರಲ್ಲಿ ಅರ್ಧದಷ್ಟು ಮಂದಿ ಅವರ ಹಳೆಯ ವಿದ್ಯಾರ್ಥಿಗಳೇ.

ಭಾನುವಾರ ಬೆಳಗ್ಗೆ ಊರ ಸಭಾಮಂಟಪದಲ್ಲಿ ಅವರ ವ್ಯಾಯಾಮದ ತರಗತಿ. ಅಲ್ಲಿಗೆ ಹೆಂಗಸರು ಯಾವಾಗಲೂ ತಡವಾಗಿಯೇ ಬರುತ್ತಿದ್ದರು, ಬಂದವರು ಯಾವಾಗಲೂ ಒಂದೇ ನೆಪ ಹೇಳುತ್ತಿದ್ದರು.

"ಅಂಗಳ ಗುಡಿಸಿ, ಬಟ್ಟೆ ಒಗೆದು, ಬಾವಿಯಿಂದ ಎಂಟು ಬಿಂದಿಗೆ ನೀರು ಸೇದಿ ಬಂದೆ ಪಾಕ್ ಗುರು. ನಂದು ಇವತ್ತಿನ ಕಸರತ್ತು ಮುಗೀತು ಅಂದ್ಕೊಳ್ಳಿ," ಎಂದು ಪಕ್ಕದ ಮನೆಯ ಬು ವಾಗಿರಾ ದಪ್ಪ ಮೈ ಕುಲುಕಿಸಿ ನಗುವರು.

"ಅದು ಕೆಲಸ. ವ್ಯಾಯಾಮ ಅಲ್ಲ."

"ಬೆವರು ಬಂತಲ್ಲ?"

"ಬೆವರು ಬಂದಿದ್ದೆಲ್ಲ ವ್ಯಾಯಾಮ ಆದ್ರೆ ಮೆಣಸಿನಕಾಯಿ ತಿನ್ನೋದೂ ವ್ಯಾಯಾಮವೇ. ನಿಲ್ಲಿ ಸಾಲಿನಲ್ಲಿ."

ಇದು ಅವರ ಸಿದ್ಧಾಂತ. ದೇಹವನ್ನು ದೇಹಕ್ಕಾಗಿಯೇ, ಎಣಿಕೆಗೆ ಸರಿಯಾಗಿ, ನೆಟ್ಟ ಬೆನ್ನಿನಲ್ಲಿ, ಮನಃಪೂರ್ವಕವಾಗಿ ಆಡಿಸಿದರೆ ಮಾತ್ರ ಅದು ವ್ಯಾಯಾಮ. ಹೊಟ್ಟೆಪಾಡಿಗೋ ಮನೆವಾರ್ತೆಗೋ ಬಗ್ಗಿ ಎದ್ದರೆ ಅದು ಬರೀ ಸವೆತ. ಆರೋಗ್ಯ ಕೇಂದ್ರದ ಹುಡುಗಿಯೊಬ್ಬಳು ವಯಸ್ಸಾದವರ ಚೀಟಿಯಲ್ಲಿ 'ವ್ಯಾಯಾಮ ಮಾಡುತ್ತಾರೆಯೇ' ಎಂಬ ಕಡೆ, ಅರ್ಧ ಗಂಟೆ ಅಂಗಳ ಗುಡಿಸುವವರಿಗೆಲ್ಲ 'ಹೌದು' ಎಂದು ಬರೆದಳೆಂದು ತಿಳಿದು, ಪಾಕ್ ಪರ್ತೊಮೊ ಆ ಕೇಂದ್ರಕ್ಕೆ ನಾಲ್ಕು ಪುಟದ ಪತ್ರ ಬರೆದರು. ಅದರ ಒಂದು ಪ್ರತಿಯನ್ನು ನನಗೂ ಕೊಟ್ಟಿದ್ದರು. ಭಾಷೆ ಸೊಗಸಾಗಿತ್ತು. ಉತ್ತರ ಮಾತ್ರ ಬರಲಿಲ್ಲ.

ಆ ತರಗತಿಗೆ ಒಂದೇ ಒಂದು ಭಾನುವಾರವೂ ಬಾರದ ಹೆಂಗಸೆಂದರೆ ಅವರ ಹೆಂಡತಿ ಬು ಸುಗಿನಾ. ಮಕ್ಕಳಿಲ್ಲದ ದಂಪತಿ. ಆಕೆ ಗಂಡನನ್ನು ಊರವರಂತೆಯೇ 'ಪಾಕ್ ಗುರು' ಎಂದೇ ಕರೆಯುತ್ತಿದ್ದರು, ಆದರೆ ಆಕೆಯ ಬಾಯಲ್ಲಿ ಅದು ಮುದ್ದಿನ ಚೇಷ್ಟೆಯಂತೆ ಕೇಳುತ್ತಿತ್ತು. ಅವರ ಅಂಗಳದಲ್ಲಿ ಎರಡು ಸಪೋಟಾ, ಒಂದು ಹಲಸು, ಒಂದು ಮುದಿ ಮಾವು. ಆ ನಾಲ್ಕು ಮರಗಳೂ ಹಗಲಿರುಳೆನ್ನದೆ ಎಲೆ ಉದುರಿಸುವುದನ್ನೇ ವ್ರತವಾಗಿ ಹಿಡಿದಿದ್ದವು. ಆಕೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ತೆಂಗಿನ ಕಡ್ಡಿಪೊರಕೆ ಹಿಡಿದು ಗೇಟಿನಿಂದ ಬಾಗಿಲಿನವರೆಗೆ ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಗುಡಿಸುತ್ತಿದ್ದರು. ಹಾಗೆ ಗುಡಿಸಿದರೆ ತನ್ನ ಹೆಜ್ಜೆಯ ಗುರುತೂ ಉಳಿಯುವುದಿಲ್ಲ; ಮರಳು ಮಣ್ಣಿನ ಮೇಲೆ ಬಾಚಣಿಗೆ ಎಳೆದಂಥ ಗೆರೆಗಳು ಮಾತ್ರ ಉಳಿಯುತ್ತವೆ.

ಒಂದು ದಿನ ಅವರು ಹೆಂಡತಿಯ ಹಿಂದೆ ಗಡಿಯಾರ ಹಿಡಿದು ನಿಂತಿದ್ದನ್ನು ನಾನೇ ಕಂಡೆ. ಆಕೆ ಗುಡಿಸಿ ಮುಗಿಸಿದೊಡನೆ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟಿದೆ?" ಎಂದು ಆಕೆ ಕೇಳಿದರು.

"ನೂರಾ ನಾಲ್ಕು."

"ನಿಮ್ಮ ಭಾನುವಾರದವರದ್ದು?"

"ತೊಂಬತ್ತೆಂಟು." ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, "ಆದ್ರೆ ಇದರಲ್ಲಿ ಉದ್ದೇಶ ಇಲ್ಲ," ಎಂದರು.

"ಉದ್ದೇಶ ಇಲ್ದೇ ಏನು? ಅಂಗಳ ಚೊಕ್ಕಟ ಆಗ್ಲಿಲ್ವಾ?" ಆಕೆ ನಗುತ್ತ ಪೊರಕೆಯ ಬುಡವನ್ನು ಅಂಗೈಗೆ ಕುಟ್ಟಿಕೊಂಡು ಒಳಗೆ ಹೋದರು.

ನಮ್ಮ ಗಲ್ಲಿಯ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಇಲ್ಲಿ ಯಾರೂ ಯಾರ ಆರೋಗ್ಯವನ್ನೂ ಕೆದಕಿ ಕೇಳುವುದಿಲ್ಲ, ಅಂಗಳ ನೋಡುತ್ತೇವೆ. ಬಿಸಿಲೇರಿದ ಮೇಲೂ ಎಲೆ ಬಿದ್ದೇ ಇದ್ದರೆ ಆ ಮನೆಯಲ್ಲಿ ಯಾರೋ ಮಲಗಿದ್ದಾರೆಂದು ಅರ್ಥ. ಮಧ್ಯಾಹ್ನದೊಳಗೆ ಹತ್ತು ಹನ್ನೆರಡು ಹೆಂಗಸರು ಸಕ್ಕರೆ, ಚಹಾಪುಡಿ ಕಟ್ಟಿಕೊಂಡು ಗುಂಪಾಗಿ ಬಂದು, ರೋಗಿಯ ಸುತ್ತ ಚಾಪೆಯ ಮೇಲೆ ಕುಳಿತು, ಕಾಲೊತ್ತಿ, ಊರ ಸುದ್ದಿಯೆಲ್ಲ ಹೇಳಿ, ನಗಿಸಿ, ಸ್ವಲ್ಪ ಅತ್ತು ಹೋಗುತ್ತಾರೆ. ರೋಗ ಅದರಿಂದ ವಾಸಿಯಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಯಾರೂ ಬಾರದ ಹಾಸಿಗೆಯಷ್ಟು ಘೋರವಾದದ್ದು ನಮ್ಮಲ್ಲಿ ಇನ್ನೊಂದಿಲ್ಲ, ಮತ್ತು ನನ್ನನ್ನು ನೋಡಲು ಬನ್ನಿ ಎಂದು ಹೇಳಿಕಳಿಸುವಷ್ಟು ನಾಚಿಕೆ ಬಿಟ್ಟವರೂ ನಮ್ಮಲ್ಲಿ ಹುಟ್ಟಿಲ್ಲ.

ಆ ವರ್ಷದ ಒಣಗಾಲದಲ್ಲಿ ಬು ಸುಗಿನಾ ಅವರಿಗೆ ಉಸಿರು ಹಿಡಿಯತೊಡಗಿತು. ಊರೆಲ್ಲ ಸಂತೆಯಲ್ಲಿದ್ದ ಒಂದು ಬೆಳಗ್ಗೆ ಗಂಡಹೆಂಡತಿ ಪೇಟೆಗೆ ಹೋಗಿ ವೈದ್ಯರಿಗೆ ತೋರಿಸಿ ಬಂದರು. ಹೃದಯ ದೊಡ್ಡದಾಗಿದೆ, ಪೊರಕೆ, ಬಿಂದಿಗೆ ಮುಟ್ಟಕೂಡದು, ಮಲಗಿರಬೇಕು ಎಂದು ವೈದ್ಯರು ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಪಾಕ್ ಪರ್ತೊಮೊ, "ಭಾನುವಾರ ಬಂದಿದ್ರೆ ಹೀಗಾಗ್ತಿರ್ಲಿಲ್ಲ," ಎಂದುಬಿಟ್ಟರಂತೆ. ಆಕೆ ಕಿಟಕಿಯ ಕಡೆ ಮುಖ ಮಾಡಿದವರು ಇಳಿಯುವವರೆಗೂ ತಿರುಗಲಿಲ್ಲವಂತೆ. ಇದನ್ನೆಲ್ಲ ಆಮೇಲೆ ಅವರೇ ನನಗೆ ಹೇಳಿದ್ದು.

ಮಾರನೆಯ ದಿನದಿಂದ ಅಂಗಳ ಅವರ ಪಾಲಿಗೆ ಬಂತು. ಆದರೆ ನಾಲ್ಕು ಪುಟದ ಪತ್ರ ಬರೆದ ಮನುಷ್ಯ, ಭಾನುವಾರ ಭಾನುವಾರ ಹೆಂಗಸರನ್ನು ಗದರಿಸಿದ ಮನುಷ್ಯ, ಹಾಡುಹಗಲಲ್ಲಿ ಪೊರಕೆ ಹಿಡಿದು ಬಗ್ಗುವುದು ಹೇಗೆ? ಬು ವಾಗಿರಾ ಬೇಲಿಯಾಚೆಯಿಂದ "ಏನು ಪಾಕ್ ಗುರು, ವ್ಯಾಯಾಮವಾ?" ಎಂದು ಕೇಳಿದರೆ ಮುಖ ಎಲ್ಲಿಡುವುದು? ಆದ್ದರಿಂದ ಅವರು ಗಲ್ಲಿ ಏಳುವ ಮುಂಚೆಯೇ ಎದ್ದು, ಇನ್ನೂ ಬೆಳಕು ಹರಿಯದಿರುವಾಗಲೇ ಗುಡಿಸಿ ಮುಗಿಸಿ ಒಳಗೆ ಸೇರಿಬಿಡುತ್ತಿದ್ದರು. ಸಂಜೆಯ ಸರದಿಯನ್ನು ಎಲ್ಲರೂ ನಮಾಜಿಗೆ ಹೋದ ಹೊತ್ತಿಗೆ ಮುಗಿಸುವರು. ಮೊದಲೆರಡು ದಿನ ಅಭ್ಯಾಸಬಲದಿಂದ ಮುಂದಕ್ಕೆ ಗುಡಿಸಿ, ಗೆರೆಯ ಮೇಲೆಲ್ಲ ತಮ್ಮ ಬೂಟಿನ ಅಚ್ಚು ಮೂಡಿಸಿದ್ದರು. ಬು ಸುಗಿನಾ ಕಿಟಕಿಯ ಪಕ್ಕದ ಮಂಚದಿಂದಲೇ ಸದ್ದು ಕೇಳಿ ತಿದ್ದಿದರು: "ಕಡ್ಡಿ ನೆಲ ಕೆರೀತಿದೆ, ಗುಡಿಸ್ತಿಲ್ಲ. ಹಿಂದಕ್ಕೆ ಬನ್ನಿ. ಎಂಟು ಎಣಿಸ್ಬೇಡಿ, ಎಲೆ ನಿಮ್ಮ ಲೆಕ್ಕಕ್ಕೆ ಬೀಳಲ್ಲ."

ಐದನೆಯ ದಿನಕ್ಕೆ ಅವರ ಸೊಂಟ ಹಿಡಿಯಿತು. ಒಂದೇ ಉಸಿರಿಗೆ ಇನ್ನೂರು ಬಸ್ಕಿ ಹೊಡೆಯುತ್ತಿದ್ದ ತೊಡೆ ರಾತ್ರಿಯೆಲ್ಲ ಸೆಳೆಯಿತು. ಕದ್ದು ತಮ್ಮ ನಾಡಿ ನೋಡಿಕೊಂಡರೆ ನೂರಾ ಹದಿನೆಂಟು. ಅಷ್ಟು ಹೊತ್ತಿಗೆ ಗುಡಿಸುವುದು ಅವರಿಗೆ ಚೆನ್ನಾಗಿಯೇ ಒಲಿದಿತ್ತು. ಬಾಗಿಲಿನಿಂದ ಗೇಟಿನವರೆಗೆ ಗೆರೆಗಳು ಹೆಂಡತಿಯವೇ ಎಂಬಷ್ಟು ನೀಟಾಗಿದ್ದವು. ತಾವು ಮಾಡಿದ ಗೇಲಿಗೆ ತಪ್ಪೊಪ್ಪಿಗೆ ಎಂಬಂತೆ ಅವರು ಪ್ರತಿ ಎಲೆಯನ್ನೂ ಹುಡುಕಿ ಹುಡುಕಿ ಗುಡಿಸುತ್ತಿದ್ದರು.

ನಾನು ದಿನಾ ಸೈಕಲ್ಲಿನಲ್ಲಿ ಆ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದವನು. ಗೆರೆಗಳನ್ನು ಕಣ್ಣಾರೆ ಕಂಡೆ. ಬು ಸುಗಿನಾ ಹೊರಗೆ ಕಾಣುತ್ತಿಲ್ಲವಲ್ಲ ಎಂದು ಒಮ್ಮೆ ಅನಿಸಿತು, ಗೆರೆ ನೋಡಿ ಸಮಾಧಾನವಾಗಿ ಮುಂದೆ ಹೋದೆ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಒಳಗೆ ಮಂಚದ ಮೇಲೆ ಆಕೆ ಕಾಯುತ್ತಿದ್ದರು.

"ವಾಗಿರಾ ಕಾಣಿಸಿದ್ಲಾ?" ಎಂದು ಕೇಳುವರು.

"ಗೇಟಿನ ಹತ್ರ ಹೋಗ್ತಿದ್ಲು. ನಿನ್ನನ್ನ ಕೇಳಿದ್ಲು. ವಿಶ್ರಾಂತಿ ತಗೋತಿದ್ದಾಳೆ ಅಂದೆ."

"ಒಳಗೆ ಬರ್ಲಿಲ್ವಾ?"

"ಕೆಲಸ ಬಿಟ್ಟು ಯಾಕೆ ಬರ್ತಾಳೆ?"

ಹನ್ನೆರಡನೆಯ ದಿನವೋ ಏನೋ, ಅವರು ಪೊರಕೆ ಎತ್ತಿಕೊಂಡಾಗ ಆಕೆ, "ಇವತ್ತು ಬಿಟ್ಬಿಡಿ ಪಾಕ್ ಗುರು. ಎಲೆ ಬಿದ್ದಿರ್ಲಿ," ಎಂದರು.

"ಯಾಕೆ, ನಾನು ಸರಿಯಾಗಿ ಗುಡಿಸ್ತಿಲ್ವಾ?"

"ಚೆನ್ನಾಗೇ ಗುಡಿಸ್ತೀರಿ. ಅದಕ್ಕೇ ಹೇಳ್ತಿರೋದು."

ಅವರಿಗೆ ಅದು ಶಹಬ್ಬಾಸ್‌ಗಿರಿಯಂತೆ ಕೇಳಿಸಿತು. ತಮ್ಮ ಸೊಂಟನೋವು ಕಂಡು ಮರುಗುತ್ತಿದ್ದಾಳೆ ಎಂದುಕೊಂಡರು. "ನಿನ್ನ ಅಂಗಳ ಒಂದು ದಿನವೂ ಕೆಡೋಕೆ ಬಿಡಲ್ಲ," ಎಂದು ಹೇಳಿ ಹೊರಗೆ ಹೋದರು. ಆಮೇಲೆ ಎರಡು ಸಲ ಆಕೆ ಅದೇ ಮಾತು ಹೇಳಿದರಂತೆ, ಎರಡು ಸಲವೂ ಇವರು ಇನ್ನಷ್ಟು ಮುತುವರ್ಜಿಯಿಂದ ಗುಡಿಸಿದರು. ಆಮೇಲೆ ಆಕೆ ಹೇಳಲಿಲ್ಲ.

ಇಪ್ಪತ್ತನೆಯ ದಿನ ಬೆಳಗ್ಗೆ ಮಸೀದಿಯ ಧ್ವನಿವರ್ಧಕದಲ್ಲಿ ಬು ಸುಗಿನಾ ಅವರ ಹೆಸರು ಕೇಳಿ ಗಲ್ಲಿಯೇ ಓಡಿತು. ಬಾಗಿಲಿನವರೆಗೆ ಹಾಸಿದ್ದ ಆ ಅಚ್ಚುಕಟ್ಟು ಗೆರೆಗಳನ್ನು ತುಳಿದುಕೊಂಡೇ ನಾವೆಲ್ಲ ಒಳಗೆ ಹೋದೆವು. ಬು ವಾಗಿರಾ ಹೆಣದ ಕಾಲ ಬಳಿ ಕುಸಿದು ಕುಳಿತು, ಅಳುವುದನ್ನೂ ಮರೆತು ಕೂಗಿದರು: "ಏನು ಮಾಡಿದ್ರಿ ಪಾಕ್ ಗುರು? ದಿನಾ ಅಂಗಳ ಗುಡಿಸಿರ್ತಿತ್ತಲ್ಲ! ಇವಳೇ ಗುಡಿಸ್ತಿದ್ದಾಳೆ, ಚೆನ್ನಾಗಿದ್ದಾಳೆ ಅಂದ್ಕೊಂಡಿದ್ವಿ. ಒಂದೇ ಒಂದು ದಿನ ಎಲೆ ಬಿದ್ದಿದ್ರೆ ಸಾಕಿತ್ತು, ಒಲೆ ಮೇಲಿನ ಅನ್ನ ಬಿಟ್ಟು ಬರ್ತಿದ್ದೆ. ಒಬ್ಬಳೇ ಹೋದ್ಲಲ್ಲ ಇವಳು!"

ಪಾಕ್ ಪರ್ತೊಮೊ ಗೋಡೆಗೆ ಒರಗಿ ನಿಂತಿದ್ದರು. ಆಗ ಅವರ ಮುಖವನ್ನು ನಾನು ನೋಡಿದೆ. ಇನ್ನೊಮ್ಮೆ ಅಂಥ ಮುಖ ನೋಡುವುದು ಬೇಡ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಜಗುಲಿಯಲ್ಲಿ ನಾವಿಬ್ಬರೇ ಉಳಿದೆವು. ಬೆಲ್ಲದ ಚಹಾ ಆರಿಹೋಗಿತ್ತು. ಅವರು ತಾವಾಗಿಯೇ ಹೇಳಿದರು: "ಅವಳು ಮೂರು ಸಲ ಹೇಳಿದ್ಲು. ಗುಡಿಸ್ಬೇಡಿ ಅಂತ. ನನಗೆ ತಿಳೀಲಿಲ್ಲ."

ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ಮತ್ತೆ: "ಅದು ವ್ಯಾಯಾಮವೇ ಹೌದು. ಐದನೇ ದಿನವೇ ಗೊತ್ತಾಗಿತ್ತು. ಅವಳಿಗೆ ಹೇಳ್ಬೇಕು ಅಂತಿದ್ದೆ."

"ಹೇಳಿದ್ರಾ?"

"ಇಲ್ಲ. ಹೇಳಿದ್ರೆ ನಗ್ತಿದ್ಲು. ನಕ್ರೆ ಉಸಿರು ಕಟ್ತಿತ್ತು. ಸ್ವಲ್ಪ ಹುಷಾರಾಗ್ಲಿ ಅಂತ ಬಿಟ್ಟೆ."

ಅಂದಿನಿಂದ ಅವರು ಪೊರಕೆ ಮುಟ್ಟಲಿಲ್ಲ. ಎಲೆ ಮೊಣಕಾಲಿನವರೆಗೆ ಬಿತ್ತು. ಮೊದಮೊದಲು ಹೆಂಗಸರು ಗುಂಪಾಗಿ ಬಂದರು, ಸಕ್ಕರೆ ತಂದರು, ಗುಡಿಸಲು ಹೋದವರನ್ನು ಅವರು ತಡೆದರು. ವಾರಗಳು ಕಳೆದಂತೆ ಗಲ್ಲಿಗೆ ಅದು ಅಭ್ಯಾಸವಾಯಿತು. ಈಗ ಆ ಎಲೆಗಳಿಗೆ ಯಾವ ಅರ್ಥವೂ ಇಲ್ಲ. ಡ್ರಿಲ್ ಮೇಷ್ಟ್ರು ಗುಡಿಸುವುದಿಲ್ಲ, ಅಷ್ಟೆ. ನಾಳೆ ಅವರೇ ಹಾಸಿಗೆ ಹಿಡಿದರೂ ಅಂಗಳ ನೋಡಿ ಯಾರಿಗೂ ತಿಳಿಯಲಾರದು. ಭಾನುವಾರದ ತರಗತಿಯನ್ನು ಮಾತ್ರ ಬಿಟ್ಟಿಲ್ಲ. ಈಚೆಗೆ ಒಬ್ಬ ಹೆಂಗಸು ತಡವಾಗಿ ಬಂದು, ಗುಡಿಸಿ ಬಂದೆ ಎಂದು ಬಾಯಿತಪ್ಪಿ ಹೇಳಿದಳು. ಸಾಲಿನಲ್ಲಿದ್ದವರೆಲ್ಲ ಮೇಷ್ಟ್ರ ಮುಖ ನೋಡಿದರು. ಅವರು, "ಹಾಗಾದ್ರೆ ನಿಮ್ಮದಾಯ್ತು, ಕೂತ್ಕೊಳ್ಳಿ," ಎಂದರು. ಆಕೆ ಕುಳಿತಳು, ಯಾರೂ ನಗಲಿಲ್ಲ.

ಇಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರನ್ನು ಕಲ್ಲೆದೆಯವರೆಂದು ಬೈಯುವುದು ಸುಲಭ, ಆದರೆ ಸುಳ್ಳು. ಪ್ರೀತಿ ಅವರಲ್ಲಿ ನಮಗಿಂತ ಕಡಿಮೆ ಇರುವುದಿಲ್ಲ. ಸೋತೆ ಎನ್ನಲು ಬಾಯಿ ಬಾರದೆ ಅವರು ಕೈಯಿಂದ ಸೋಲನ್ನು ಒಪ್ಪಿಕೊಳ್ಳುತ್ತಾರೆ, ಅದನ್ನೂ ಯಾರೂ ಕಾಣದ ಹೊತ್ತು ನೋಡಿ, ಮೈಮುರಿದು, ಒಂದು ಎಲೆಯೂ ಉಳಿಯದಷ್ಟು ಶ್ರದ್ಧೆಯಿಂದ. ಒಪ್ಪಿಗೆಯ ಆ ಒಂದು ಮಾತಿಗಾಗಿ ಕಾದವರು ಮಾತ್ರ ಗೋಡೆಯ ಆಚೆ ಒಬ್ಬರೇ ಮಲಗಿ, ಬರೀ ಸದ್ದು ಕೇಳುತ್ತಿರುತ್ತಾರೆ.